ಪಿ.ಸಿ. ಪಾಸಿಟಿವ್

ಎಲ್ಲದಕ್ಕೂ ಕಾರಣ ನಂಬರಿಲ್ಲದ ಒಂದು ಮಂಚ.

ಆಸ್ಪತ್ರೆಯ ಮೂಳೆ ವಾರ್ಡಿನಲ್ಲಿ ಇದ್ದದ್ದು ಇಪ್ಪತ್ತೇ ಮಂಚ. ಇಪ್ಪತ್ತಕ್ಕೂ ಗೋಡೆಯ ಮೇಲೆ ದಪ್ಪ ಅಕ್ಷರದ ನಂಬರಿತ್ತು. ಇಪ್ಪತ್ತೊಂದನೆಯವನಾಗಿ ಕಾಲು ಮುರಿದುಕೊಂಡು ಬಂದವನು ಒಬ್ಬ ಪೊಲೀಸ್ ಕಾನ್‌ಸ್ಟೇಬಲ್. ಅವನಿಗೆ ನೀರಿನ ಡ್ರಮ್ಮಿಗೂ ಬಾಗಿಲಿಗೂ ನಡುವೆ ಒಂದು ಮಡಚುವ ಮಂಚ ಹಾಕಿಕೊಟ್ಟರು. ಊರಿಗೆ ಊರೇ ಸೋಂಕಿನ ಭಯದಲ್ಲಿ ಬಾಗಿಲು ಹಾಕಿಕೊಂಡು ಕೂತಿದ್ದ ಕಾಲ. ದಾದಿಯರು ನಿಂತಲ್ಲೇ ನಿದ್ದೆ ಮಾಡುತ್ತಿದ್ದರು. ಮಡಚುವ ಮಂಚಕ್ಕೆ ನಂಬರು ಬರೆಯಲು ಪುರಸೊತ್ತು ಯಾರಿಗಿತ್ತು?

ಅವನಿಗೂ ಹೆಸರಿನಿಂದ ಕರೆಸಿಕೊಂಡು ಅಭ್ಯಾಸವಿರಲಿಲ್ಲ. ಹದಿನಾಲ್ಕು ವರ್ಷದ ಸರ್ವೀಸಿನಲ್ಲಿ ಎಲ್ಲರ ಬಾಯಲ್ಲೂ ಅವನು ಪೀಸಿ. ಠಾಣೆಯಲ್ಲಿ ಪೀಸಿ, ಬೀದಿಯಲ್ಲಿ ಪೀಸಿ, ಸಿಟ್ಟು ಬಂದಾಗ ಅತ್ತೆಯ ಬಾಯಲ್ಲೂ ಪೀಸಿ. ಹದಿನಾಲ್ಕು ವರ್ಷದಲ್ಲಿ ಒಬ್ಬ ಕಳ್ಳನನ್ನೂ ಹಿಡಿದವನಲ್ಲ, ಪಾಪ. ಗೇಟು ಕಾಯುವುದು, ಸಾಲು ನಿಲ್ಲಿಸುವುದು, ಇಷ್ಟೇ ಅವನಿಗೆ ಕೊಟ್ಟ ಕೆಲಸ. ಈ ಸೋಂಕಿನ ಕಾಲದಲ್ಲೂ ಅವನನ್ನು ಇದೇ ಆಸ್ಪತ್ರೆಯ ಗೇಟಿಗೆ ಹಾಕಿದ್ದರು. ಬಂದವರನ್ನೆಲ್ಲ “ದೂರ, ದೂರ” ಎಂದು ಆರಾರು ಅಡಿ ಅಂತರದಲ್ಲಿ ನಿಲ್ಲಿಸುವುದು ಅವನ ಡ್ಯೂಟಿ.

ಮೂರು ದಿನದ ಹಿಂದೆ ಮೂರನೆಯ ಮಹಡಿಯಿಂದ ಸುದ್ದಿ ಬಂತು. ಅವನ ಹೆಂಡತಿಗೆ ಹೆಣ್ಣು ಮಗು ಹುಟ್ಟಿದೆ. ಮದುವೆಯಾದ ಎಂಟು ವರ್ಷಕ್ಕೆ ಹುಟ್ಟಿದ ಮಗು. ಲಾಠಿ ಒಂದು ಕಡೆ, ಟೋಪಿ ಒಂದು ಕಡೆ ಎಸೆದು ಪೀಸಿ ಮೆಟ್ಟಿಲು ಹತ್ತಿ ಓಡಿದ. ಮೆಟ್ಟಿಲನ್ನು ಆಗಷ್ಟೇ ಔಷಧಿ ನೀರು ಹಾಕಿ ಒರೆಸಿದ್ದರು. ಮೇಲೆ ಹೆರಿಗೆ ವಾರ್ಡಿಗೆ ಹೊರಟವನು ಕೆಳಗೆ ಮೂಳೆ ವಾರ್ಡಿಗೆ ಬಂದು ತಲುಪಿದ. ಪಾಪಿ ಸಮುದ್ರಕ್ಕೆ ಹೋದರೂ ಮೊಣಕಾಲುದ್ದ ನೀರು ಎನ್ನುತ್ತಾರಲ್ಲ, ಹಾಗೆ.

ಅಂದಿನಿಂದ ಮಗಳು ಮೇಲೆ, ಅಪ್ಪ ಕೆಳಗೆ. ನೆಗೆಟಿವ್ ರಿಪೋರ್ಟ್ ತೋರಿಸದೆ ಹೆರಿಗೆ ವಾರ್ಡಿಗೆ ನೊಣವನ್ನೂ ಬಿಡುತ್ತಿರಲಿಲ್ಲ. ಈಗ ಅದಕ್ಕೂ ಗಡುವು ಬಂದಿತ್ತು. ಬಸ್ಸು ರೈಲು ಎಲ್ಲ ನಿಂತ ಕಾಲದಲ್ಲಿ ಅತ್ತೆ ಎಲ್ಲೆಲ್ಲೋ ಕಾಡಿ ಬೇಡಿ ಒಂದು ಕಾರು, ಒಂದು ಪಾಸು ಸಂಪಾದಿಸಿದ್ದರು. ಇವತ್ತು ಸಂಜೆ ಐದಕ್ಕೆ ಬಾಣಂತಿಯನ್ನೂ ಮಗುವನ್ನೂ ತಮ್ಮೂರಿಗೆ ಕರೆದುಕೊಂಡು ಹೋಗುವವರಿದ್ದರು. ಆಮೇಲೆ ರಸ್ತೆ ತೆರೆಯುವುದು ಯಾವಾಗಲೋ, ಪೀಸಿ ಮಗಳ ಮುಖ ನೋಡುವುದು ಯಾವಾಗಲೋ. ಹೀಗಾಗಿ ಅವನ ಜೀವವೆಲ್ಲ ಬೆಳಿಗ್ಗೆ ಬರಬೇಕಾದ ಒಂದು ರಿಪೋರ್ಟಿನ ಮೇಲೆ ನಿಂತಿತ್ತು.

ಹಿಂದಿನ ದಿನ ಸಂಜೆ ವಾರ್ಡಿನ ಎಲ್ಲರ ಗಂಟಲಿಗೂ ಮೂಗಿಗೂ ಕಡ್ಡಿ ಹಾಕಿ ಸ್ಯಾಂಪಲ್ ತೆಗೆದಿದ್ದರು. ಟ್ಯೂಬುಗಳ ಮೇಲೆ ಚೀಟಿ ಅಂಟಿಸುವ ಕೆಲಸ ಗುಮಾಸ್ತನದು. ವಾರ್ಡಿನ ಗುಮಾಸ್ತನೇ ಜ್ವರ ಬಂದು ಮಲಗಿದ್ದರಿಂದ ಆಸ್ಪತ್ರೆಯ ಉಗ್ರಾಣದ ಗುಮಾಸ್ತನನ್ನು ಕಳಿಸಿದ್ದರು. ಇಪ್ಪತ್ತೆರಡು ವರ್ಷ ಬ್ಯಾಂಡೇಜಿನ ಸುರುಳಿ ಎಣಿಸಿದ ಮನುಷ್ಯ. ಮುತ್ತು ಪೋಣಿಸಿದಂಥ ಅಕ್ಷರ. ಮಡಚುವ ಮಂಚದ ಹತ್ತಿರ ಬಂದವನು ಪೆನ್ನು ಹಿಡಿದು ನಿಂತುಬಿಟ್ಟ.

“ನಂಬರ್ ಎಷ್ಟು ಸಾರ್ ಇದಕ್ಕೆ?”

“ನಂಬರಿಲ್ಲ ಕಣ್ರೀ. ಏನಾದ್ರೂ ಹಾಕ್ಕೊಳ್ಳಿ,” ಎಂದ ಪೀಸಿ.

“ಏನಾದ್ರೂ ಹಾಕೋಕಾಗಲ್ಲ ಸಾರ್. ಗುರುತಿಲ್ಲದ ಸಾಮಾನು ಉಗ್ರಾಣದಲ್ಲಿ ನಾನು ಇಟ್ಟವನೇ ಅಲ್ಲ.”

ಪಕ್ಕದ ಮಂಚದ ಮೇಷ್ಟ್ರು ಪರಿಹಾರ ಹೇಳಿದರು. ಅವರು ನಿವೃತ್ತ ಲೆಕ್ಕದ ಮೇಷ್ಟ್ರು, ಸೊಂಟ ಮುರಿದಿತ್ತೇ ಹೊರತು ಬಾಯಿ ಸರಿಯಾಗಿಯೇ ಇತ್ತು. “ಇಡೀ ವಾರ್ಡೇ ಪೀಸಿ ಅಂತ ಕರೆಯುತ್ತೆ. ಹಾಗೇ ಬರೀರಿ.”

ಗುಮಾಸ್ತ ‘ಪಿ.ಸಿ.’ ಎಂದು ದುಂಡಗೆ ಬರೆದು ಟ್ಯೂಬಿಗೆ ಅಂಟಿಸಿದ. ಎರಡು ಚುಕ್ಕೆಗಳನ್ನೂ ಮರೆಯಲಿಲ್ಲ.

ಬೆಳಿಗ್ಗೆ ಕಾಫಿ ಬಂತು. ಪೀಸಿ ಒಂದು ಗುಟುಕು ಕುಡಿದು ಮುಖ ಸಿಂಡರಿಸಿದ. “ಇದೇನು ಕಾಫಿನೋ, ಲೋಟ ತೊಳೆದ ನೀರೋ?”

“ಇವತ್ತೇ ಸ್ವಲ್ಪ ಚೆನ್ನಾಗಿದೆ ಕಣಣ್ಣಾ!” ಎಂದ ಎದುರಿನ ಮಂಚದ ಲಾರಿ ಡ್ರೈವರ್. ಅವನ ಎರಡೂ ಕಾಲು ಮೇಲಕ್ಕೆ ಕಟ್ಟಿತ್ತು.

“ಮಗಳ ಧ್ಯಾನ. ನಾಲಿಗೆ ಮೇಲೆ ಗಮನ ಇಲ್ಲ ಅವರಿಗೆ,” ಎಂದರು ಮೇಷ್ಟ್ರು. ಪೀಸಿಗೂ ಅದೇ ನಿಜವೆನಿಸಿ ನಕ್ಕ.

ಹತ್ತು ಗಂಟೆಗೆ ಗುಮಾಸ್ತ ಪಟ್ಟಿ ಹಿಡಿದು ಬಂದ. ವಾರ್ಡಿನ ನಡುವೆ ನಿಂತು ಹಾಜರಿ ಕರೆದಂತೆ ಓದಿದ. ಒಂದು, ನೆಗೆಟಿವ್. ಎರಡು, ನೆಗೆಟಿವ್. ಇಪ್ಪತ್ತರವರೆಗೂ ನೆಗೆಟಿವ್. ಪೀಸಿ ಆಗಲೇ ತಲೆ ಬಾಚಿಕೊಂಡು, ಊರುಗೋಲು ಹತ್ತಿರಕ್ಕೆ ಎಳೆದುಕೊಂಡಿದ್ದ.

“ಪಿ.ಸಿ., ಪಾಸಿಟಿವ್. ಎನ್.ಸಿ., ನೆಗೆಟಿವ್. ಮುಗೀತು.”

ಮರುಕ್ಷಣವೇ ಇಪ್ಪತ್ತು ಹೊದಿಕೆಗಳು ಇಪ್ಪತ್ತು ಮೂಗಿನ ಮೇಲೆ ಬಂದವು. ಸೊಂಟ ಅಲ್ಲಾಡಿಸಬಾರದೆಂದು ಡಾಕ್ಟರು ಹೇಳಿದ್ದ ಮೇಷ್ಟ್ರು ಮಂಚದ ಆ ತುದಿಗೆ ಹೇಗೆ ಸರಿದರೋ ಅವರಿಗೇ ತಿಳಿಯದು.

“ನಿನ್ನೆ ಎರಡು ಸಲ ಪೇಪರ್ ಕೊಟ್ಟಿದ್ದೀರಿ ನನಗೆ. ನಾಲ್ಕು ಸಲ ಮಾತಾಡಿಸಿದ್ದೀರಿ. ಒಂದೊಂದು ಸಲಕ್ಕೆ ಮೂರು ನಿಮಿಷ ಅಂದ್ರೂ...” ಲೆಕ್ಕ ಮುಂದುವರಿಸಲು ಧೈರ್ಯ ಸಾಲದೆ ಅವರು ಕಣ್ಣು ಮುಚ್ಚಿಕೊಂಡರು.

“ನಂಗೇನೂ ಆಗಿಲ್ಲ! ಕೆಮ್ಮಿಲ್ಲ, ಜ್ವರ ಇಲ್ಲ!” ಎಂದು ಪೀಸಿ ಕೂಗಿದ. “ಎಲ್ಲೋ ತಪ್ಪಾಗಿದೆ. ಲ್ಯಾಬಿಗೆ ಫೋನ್ ಮಾಡ್ರೀ!”

ಗುಮಾಸ್ತ ಫೋನು ಹಚ್ಚಿದ. ಫೋನನ್ನು ಕಿವಿಗೆ ತಾಗಿಸಿದರೆ ಸೋಂಕು ತಗಲುತ್ತದೆಂಬ ಭಯಕ್ಕೆ ಸ್ಪೀಕರ್ ಹಾಕಿ, ಕೈ ಚಾಚಿ ದೂರ ಹಿಡಿದ. ಇಡೀ ವಾರ್ಡು ಕಿವಿಯಾಯಿತು.

“ಮೇಡಂ, ಮೂಳೆ ವಾರ್ಡಿಂದ. ಪಿ.ಸಿ. ಪಾಸಿಟಿವ್ ಅಂತ ಬಂದಿದೆ. ನಿಜಾನಾ?”

“ಇನ್ನೇನ್ರೀ ಮತ್ತೆ? ಪಿ.ಸಿ. ಪಾಸಿಟಿವ್ ಬರ್ಲೇಬೇಕು,” ಎಂದಿತು ದಣಿದ ಹೆಣ್ಣು ಧ್ವನಿ.

“ಬರ್ಲೇಬೇಕಾ!”

“ಬರ್ದೇ ಇದ್ರೆ ನಾವು ಗಾಬರಿ ಬೀಳ್ಬೇಕು.”

“ಇನ್ನೊಂದ್ಸಲ ನೋಡಿದ್ರೆ?”

“ನೂರು ಸಲ ನೋಡಿದ್ರೂ ಅಷ್ಟೇ. ಇವತ್ತಿನದಂತೂ ಬಹಳ ಸ್ಟ್ರಾಂಗು.”

“ಮತ್ತೆ... ಗುಣ ಆಗೋದು ಯಾವಾಗ ಮೇಡಂ?”

“ಗುಣಾನಾ? ಏನು ಕೇಳ್ತಿದ್ದೀರಿ ನೀವು? ಹಳೇ ಪಿ.ಸಿ. ಚೆನ್ನಾಗೇ ಕೆಲ್ಸ ಮಾಡ್ತಿತ್ತು, ನಿನ್ನೆ ಮುಗಿದುಹೋಯ್ತು. ಇವತ್ತು ಹೊಸಾದು ಬಂದಿದೆ. ಇದನ್ನೂ ಫ್ರೀಜರಿಗೆ ಹಾಕ್ಬೇಕು, ಹೊರಗಿದ್ರೆ ಕೆಟ್ಟುಹೋಗುತ್ತೆ. ಇಲ್ಲಿ ರಾಶಿ ಸ್ಯಾಂಪಲ್ ಬಿದ್ದಿದೆ ನಂಗೆ. ಇಡ್ಲಾ?”

“ಅಯ್ಯೋ, ಈಗ್ಲೇ ಇಡ್ಬೇಡಿ ಮೇಡಂ! ಇನ್ನೂ ಉಸಿರಾಡ್ತಿದ್ದಾರೆ!” ಎಂದು ಗುಮಾಸ್ತ ಚೀರಿದ. ಆದರೆ ಆ ಕಡೆ ಫೋನು ಇಟ್ಟಾಗಿತ್ತು.

ಲಾರಿ ಡ್ರೈವರ್ ಬಿಕ್ಕಿದ. “ಯಾವ ಪೀಸಿನೋ ಏನೋ ಪಾಪ, ನಿನ್ನೆ ಮುಗಿದುಹೋದ್ನಂತೆ. ಚೆನ್ನಾಗಿ ಕೆಲ್ಸ ಮಾಡ್ತಿದ್ನಂತೆ. ಅಣ್ಣಾ, ನಿಮ್ಮ ಡಿಪಾರ್ಟ್‌ಮೆಂಟಿಗೇ ಕಣ್ಣು ಬಿದ್ದಿದೆ.”

ಸೋಂಕಿನವರ ವಾರ್ಡು ತುಂಬಿ ತುಳುಕುತ್ತಿತ್ತು. ಮೂರು ವಾರ್ಡು ನೋಡಿಕೊಳ್ಳುವ ದೊಡ್ಡ ಸಿಸ್ಟರು ಎಲ್ಲಿದ್ದಾರೆಂದು ಯಾರಿಗೂ ಗೊತ್ತಿರಲಿಲ್ಲ. ಗುಮಾಸ್ತ ತನಗೆ ತಿಳಿದ ದಾರಿ ಹಿಡಿದ. ಉದ್ದದ ಒರೆಸುಗೋಲಿನಿಂದ ಮಡಚುವ ಮಂಚವನ್ನು ದೂರದಿಂದಲೇ ತಳ್ಳಿಕೊಂಡು ಹೋಗಿ, ಮುರಿದ ಗಾಲಿಕುರ್ಚಿಗಳನ್ನು ತುಂಬಿದ ಕೋಣೆಗೆ ಪೀಸಿಯನ್ನು ಸೇರಿಸಿದ. ಹೊರಗೆ ಬಾಗಿಲಿಗೆ ಒಂದು ಚೀಟಿಯನ್ನೂ ಅಂಟಿಸಿದ: ‘ಗಾಲಿಕುರ್ಚಿ, ಏಳು. ಪಿ.ಸಿ., ಒಂದು.’

ಪೀಸಿ ಕತ್ತಲ ಕೋಣೆಯಲ್ಲಿ ಕೂತು ಅತ್ತೇಬಿಟ್ಟ. ಫ್ರೀಜರಿನ ಭಯಕ್ಕಲ್ಲ, ಐದು ಗಂಟೆಯ ಭಯಕ್ಕೆ.

ಒಂದು ಗಂಟೆಯ ಹೊತ್ತಿಗೆ ಹೆಂಡತಿಯ ಫೋನು ಬಂತು. “ರೀ, ನಮ್ಮ ರಿಪೋರ್ಟ್ ಬಂತು. ನಂದು ಅಮ್ಮಂದು ನೆಗೆಟಿವ್. ನೀವು ಯಾವಾಗ ಬರ್ತೀರಿ?”

ಪೀಸಿ ಬಾಯಿ ತೆರೆಯುವಷ್ಟರಲ್ಲಿ ಅತ್ತೆ ಫೋನು ಕಸಿದುಕೊಂಡರು.

“ಅಳಿಯಂದ್ರೇ, ಇದೇನು ಕತೆ? ಇಲ್ಲಿ ಹೆರಿಗೆ ವಾರ್ಡಿನ ಪಟ್ಟಿಲಿ ಪಿ.ಸಿ. ಪಾಸಿಟಿವ್ ಅಂತಿದೆ! ನೀವು ಯಾವಾಗ ಬಂದು ಮಲಗಿದ್ರಿ ಹೆಂಗಸರ ವಾರ್ಡಲ್ಲಿ?”

“ಅತ್ತೆ, ನನ್ನ ಕಾಲು ಮುರಿದಿದೆ...”

“ಅದೇ ನಾನೂ ಕೇಳ್ತಿರೋದು! ಮುರಿದ ಕಾಲಲ್ಲಿ ಮೂರು ಮಹಡಿ ಹತ್ತಿ, ನಮ್ಮನ್ನೂ ಮಾತಾಡಿಸ್ದೆ, ಇನ್ಯಾರನ್ನ ನೋಡೋಕೆ ಬಂದಿದ್ರಿ? ಜೊತೆಗೆ ಎನ್.ಸಿ. ಅಂತ ಬೇರೆ ಇದೆ. ಯಾರು ಅವಳು?”

ಗಾಯದ ಮೇಲೆ ಬರೆ ಎಳೆದಂತಾಯಿತು. ಆದರೆ ಆ ಬರೆಯಿಂದಲೇ ಪೀಸಿಯ ತಲೆಯೊಳಗೆ ಹದಿನಾಲ್ಕು ವರ್ಷ ಮಲಗಿದ್ದ ಪೊಲೀಸು ಎದ್ದು ಕೂತ. ಇಲ್ಲೂ ಒಬ್ಬ ಪಿ.ಸಿ., ಅಲ್ಲೂ ಒಬ್ಬ ಪಿ.ಸಿ. ಇಲ್ಲೂ ಎನ್.ಸಿ., ಅಲ್ಲೂ ಎನ್.ಸಿ. ಒಬ್ಬನೇ ಮನುಷ್ಯ ಒಂದೇ ಹೊತ್ತಿಗೆ ಎರಡು ವಾರ್ಡಿನಲ್ಲಿ ಇರಲು ಸಾಧ್ಯವಿಲ್ಲ. ಜೀವನದ ಮೊದಲ ಕೇಸು ಅವನ ಕೈಗೆ ಸಿಕ್ಕಿತ್ತು.

ಅವನು ಗುಮಾಸ್ತನನ್ನು ಕೂಗಿ ಕರೆದು ಬಾಗಿಲ ಸಂದಿಯಲ್ಲೇ ವಿಚಾರಣೆ ಶುರುಮಾಡಿದ. “ಈ ಎನ್.ಸಿ. ಯಾರ್ರೀ? ನಮ್ಮ ವಾರ್ಡಲ್ಲಿ ಆ ಹೆಸರಿನವರು ಯಾರಿದ್ದಾರೆ?”

“ಯಾರೂ ಇಲ್ಲ ಸಾರ್. ನಮ್ಮ ಉಗ್ರಾಣದಲ್ಲಿ ಎನ್.ಸಿ. ಅಂದ್ರೆ ‘ನಾಟ್ ಕೌಂಟೆಡ್’. ಎಣಿಸದೇ ಬಿಟ್ಟಿದ್ದು.”

“ಎಣಿಸದೇ ಬಿಟ್ಟವರಿಗೆ ರಿಪೋರ್ಟ್ ಹೇಗ್ರೀ ಬರುತ್ತೆ?”

ಗುಮಾಸ್ತನಿಗೂ ಅದು ಹೊಳೆದಿರಲಿಲ್ಲ. ಅವನು ದೊಡ್ಡ ಸಿಸ್ಟರನ್ನು ಹುಡುಕಲು ಓಡಿದ. ಗಂಟೆ ಎರಡಾಯಿತು, ಮೂರಾಯಿತು, ಅವನ ಸುಳಿವಿಲ್ಲ. ಇನ್ನು ಕಾದರೆ ಕೆಟ್ಟೆ ಎಂದುಕೊಂಡ ಪೀಸಿ ಏಳು ಗಾಲಿಕುರ್ಚಿಗಳಲ್ಲಿ ಕಡಿಮೆ ಮುರಿದದ್ದನ್ನು ಆರಿಸಿಕೊಂಡ. ಎರಡು ಮಾಸ್ಕು ಒಂದರ ಮೇಲೊಂದು ಹಾಕಿದ, ಕೈಗವಸು ಏರಿಸಿದ, ಹೊರಟ.

ಆ ಕುರ್ಚಿಗೆ ಎಡಕ್ಕೆ ಮಾತ್ರ ತಿರುಗಲು ಬರುತ್ತಿತ್ತು. ಬಲಕ್ಕೆ ಹೋಗಬೇಕಾದಲ್ಲೆಲ್ಲ ಪೀಸಿ ಎಡಕ್ಕೆ ಮೂರು ಸಲ ತಿರುಗಿ ಬಲಕ್ಕೆ ಬರುತ್ತಿದ್ದ. ಸುತ್ತು ಹಾಕುವಾಗಲೂ ಡ್ಯೂಟಿ ಬಿಡಲಿಲ್ಲ. “ದೂರ, ದೂರ! ಆರಡಿ! ನಾನು ಪಾಸಿಟಿವ್ ಇರಬಹುದು, ಇಲ್ಲದೆಯೂ ಇರಬಹುದು!” ಎಂದು ಕೂಗುತ್ತಲೇ ಸಾಗಿದ. ಹಾದಿಯಲ್ಲಿದ್ದವರು ಗೋಡೆಗೆ ಅಂಟಿ ನಿಂತರು. ಅಂಗಳದ ಆಚೆ ತುದಿಯ ಲ್ಯಾಬು ಮುಟ್ಟುವ ಹೊತ್ತಿಗೆ ನಾಲ್ಕೂಕಾಲು.

ಗಾಜಿನ ಕಿಟಕಿಯ ಒಳಗೆ ಲ್ಯಾಬ್ ಮೇಡಂ ನಿಂತಿದ್ದರು. ಬೆಳಿಗ್ಗೆಯಿಂದ ಊಟ ಮಾಡಿದಂತೆ ಕಾಣಲಿಲ್ಲ. ಪೀಸಿ ಗಾಜಿನ ಹೊರಗೆ ಆರಡಿ ದೂರದಲ್ಲಿ ಕುರ್ಚಿ ನಿಲ್ಲಿಸಿ, ನಂಬರಿಲ್ಲದ ಮಂಚದಿಂದ ಹಿಡಿದು ಅತ್ತೆಯ ತನಕ ಒಂದೇ ಉಸಿರಿಗೆ ಹೇಳಿದ. ಮೇಡಂ ಕೇಳುತ್ತಾ ಕೇಳುತ್ತಾ ನಗಲು ಶುರುಮಾಡಿದವರು ಕೊನೆಗೆ ಮೇಜು ಹಿಡಿದು ಕೂತುಬಿಟ್ಟರು. ಎಷ್ಟು ದಿನದ ಮೇಲೆ ನಕ್ಕಿದ್ದರೋ.

“ಅಯ್ಯೋ ಪೀಸಿಯವರೇ! ಪಟ್ಟಿಲಿರೋ ಪಿ.ಸಿ. ಅಂದ್ರೆ ಪೊಲೀಸ್ ಕಾನ್‌ಸ್ಟೇಬಲ್ ಅಲ್ಲ. ಪಾಸಿಟಿವ್ ಕಂಟ್ರೋಲ್.”

“ಹಂಗಂದ್ರೆ?”

“ಮಿಷಿನ್ ಸರಿಯಾಗಿ ಕೆಲ್ಸ ಮಾಡ್ತಿದೆಯಾ ಅಂತ ಪರೀಕ್ಷೆ ಮಾಡೋಕೆ, ಸೋಂಕು ಇದೆ ಅಂತ ಮೊದ್ಲೇ ಗೊತ್ತಿರೋ ಒಂದು ಟ್ಯೂಬ್ ಇಡ್ತೀವಿ. ಅದು ಪಾಸಿಟಿವ್ ಅಂತ ಬಂದ್ರೆ ಮಿಷಿನ್ ಸರಿ ಇದೆ, ಉಳಿದೋರ ರಿಪೋರ್ಟೂ ಸರಿ ಅಂತ ಅರ್ಥ. ಎನ್.ಸಿ. ನೆಗೆಟಿವ್ ಕಂಟ್ರೋಲ್, ಸೋಂಕಿಲ್ಲದ್ದು. ಎಲ್ಲಾ ವಾರ್ಡಿನ ಪಟ್ಟಿಲೂ ಇರುತ್ತೆ.”

“ಹಾಗಾದ್ರೆ ಫ್ರೀಜರಿಗೆ ಹಾಕೋದು ನನ್ನನ್ನಲ್ಲ?”

“ಟ್ಯೂಬನ್ನ!” ಮೇಡಂ ಮತ್ತೆ ನಕ್ಕರು.

ಪೀಸಿಯ ಎದೆಯ ಮೇಲಿಂದ ಒಂದು ಬಂಡೆ ಇಳಿಯಿತು. “ಮತ್ತೆ ನನ್ನ ರಿಪೋರ್ಟ್ ಎಲ್ಲಿ ಮೇಡಂ?”

“ನಂಬರಿಲ್ಲದ್ದು ಎಲ್ಲೋ ಪಕ್ಕಕ್ಕೆ ಸೇರಿರಬೇಕು. ಹುಡುಕ್ತೀನಿ. ಸದ್ಯಕ್ಕೆ ಇದನ್ನ ತಗೊಂಡು ಹೋಗಿ, ಅತ್ತೆಗಾದ್ರೂ ಸಮಾಧಾನ ಆಗ್ಲಿ.” ‘ಪಟ್ಟಿಯಲ್ಲಿರುವ ಪಿ.ಸಿ. ಎಂದರೆ ರೋಗಿ ಅಲ್ಲ’ ಎಂದು ಬರೆದು, ಮೊಹರು ಹಾಕಿ ಕೊಟ್ಟರು.

ಆ ಚೀಟಿಯನ್ನು ಪೀಸಿ ಬಡ್ತಿಯ ಆರ್ಡರಿನಂತೆ ಎತ್ತಿ ಹಿಡಿದು ಲಿಫ್ಟಿನಲ್ಲಿ ಮೇಲೆ ಹೋದ. ಹೆರಿಗೆ ವಾರ್ಡಿನ ಬಾಗಿಲಲ್ಲೇ ದೊಡ್ಡ ಸಿಸ್ಟರು ಸಿಕ್ಕರು. ಚೀಟಿ ಓದಿ ಅವರೂ ನಕ್ಕರು, ಆಮೇಲೆ ಗುಮಾಸ್ತನಿಗೆ ನಿಂತಲ್ಲಿಂದಲೇ ಬೈದರು. ಆದರೂ ಬಾಗಿಲು ಬಿಡಲಿಲ್ಲ.

“ರಿಪೋರ್ಟ್ ಇಲ್ದೆ ಒಳಗೆ ಬಿಡಲ್ಲ ಪೀಸಿಯವರೇ, ಬೇಜಾರು ಮಾಡ್ಕೋಬೇಡಿ. ಇನ್ನು ಹತ್ತು ನಿಮಿಷಕ್ಕೆ ಅವರೇ ಹೊರಗೆ ಬರ್ತಾರೆ. ಆ ಕಿಟಕಿ ಹತ್ರ ದೂರ ಇರಿ, ಕಣ್ತುಂಬ ನೋಡಿ. ಸಾಕಲ್ಲ?”

ಸಾಕೇ? ಅಷ್ಟು ಸಿಕ್ಕಿದ್ದೇ ದೊಡ್ಡದು. ಪೀಸಿ ಕಿಟಕಿಯ ಹತ್ತಿರ ಕುರ್ಚಿ ನಿಲ್ಲಿಸಿ, ಮಾಸ್ಕಿನ ಮೇಲಿನಿಂದಲೇ ಮೀಸೆ ಸರಿಮಾಡಿಕೊಂಡ.

ಐದಕ್ಕೆ ಐದು ನಿಮಿಷವಿದ್ದಾಗ ಅತ್ತೆ ಹೊರಗೆ ಬಂದರು. ತೋಳಿನಲ್ಲಿ ಬಿಳಿ ಬಟ್ಟೆಯ ಒಂದು ಗಂಟು. ಹಿಂದೆ ಹೆಂಡತಿ. ವಿಷಯ ಆಗಲೇ ಸಿಸ್ಟರಿಂದ ಅವರಿಗೆ ತಿಳಿದಿತ್ತು. ಅತ್ತೆ ತಪ್ಪಾಯಿತು ಎನ್ನುವ ಜಾತಿಯವರಲ್ಲ. ಅದರ ಬದಲು ಎರಡು ಹೆಜ್ಜೆ ಮುಂದೆ ಬಂದರು.

“ಪೊಲೀಸಿನೋರ ಭಾಷೆ ನಮಗೇನು ಗೊತ್ತು ಅಳಿಯಂದ್ರೇ. ಸೋಂಕಿಲ್ಲ ಅಂತ ಮೊಹರೇ ಹಾಕಿ ಕೊಟ್ಟಿದ್ದಾರಲ್ಲ. ಹಿಡ್ಕೊಳ್ಳಿ ಒಂದು ನಿಮಿಷ. ಮೂಗು ನಿಮ್ದೇ ಬಂದಿದೆ, ಪಾಪ.”

ಚೀಟಿಯಲ್ಲಿ ಹಾಗೆಂದು ಬರೆದಿರಲಿಲ್ಲ. ಆದರೆ ಆ ಹೊತ್ತಿನಲ್ಲಿ ಅತ್ತೆಯನ್ನು ತಿದ್ದುವ ಮನಸ್ಸು ಯಾವ ಅಳಿಯನಿಗೆ ಬಂದೀತು? ಪೀಸಿ ಕೈ ಚಾಚಿದ. ಇನ್ನು ನಾಲ್ಕು ಹೆಜ್ಜೆ. ಲಿಫ್ಟಿನ ಬಾಗಿಲು ತೆರೆಯಿತು.

“ಕೊಡಬೇಡೀ!”

ಲ್ಯಾಬ್ ಮೇಡಂ ಏದುಸಿರು ಬಿಡುತ್ತಾ ನಿಂತಿದ್ದರು. ಹಿಂದೆ ಗುಮಾಸ್ತ, ಮುಖದಲ್ಲಿ ರಕ್ತವಿಲ್ಲ.

“ನಿಮ್ಮ ಟ್ಯೂಬ್ ಎಷ್ಟು ಹುಡುಕಿದ್ರೂ ಸಿಗ್ಲಿಲ್ಲ. ಅದರ ಮೇಲೆ ಏನು ಬರೆದಿತ್ತು ಅಂತ ನೀವು ಹೇಳಿರ್ಲಿಲ್ಲ, ಇವರನ್ನ ಕೇಳ್ದೆ.”

“ಪಿ.ಸಿ. ಅಂತ ಬರೆದಿದ್ದೆ ಸಾರ್. ದುಂಡಗೆ,” ಎಂದ ಗುಮಾಸ್ತ.

“ನಮ್ಮ ಪಿ.ಸಿ. ನಿನ್ನೆ ಖಾಲಿಯಾಗಿತ್ತು. ಹೊಸದು ಬರುತ್ತೆ ಅಂದಿದ್ರು. ಬೆಳಿಗ್ಗೆ ಡಬ್ಬಿ ತೆಗೆದ್ರೆ ಮುತ್ತಿನಂಥ ಅಕ್ಷರದಲ್ಲಿ ಪಿ.ಸಿ. ಅಂತ ಬರೆದ ಟ್ಯೂಬ್ ಇತ್ತು. ಬಂದಿದೆ ಅಂದ್ಕೊಂಡು ಅದನ್ನೇ ಹಾಕ್ಬಿಟ್ಟೆ.” ಮೇಡಂ ತಲೆ ತಗ್ಗಿಸಿದರು. “ತಪ್ಪು ನಂದೇ.”

“ಅಂದ್ರೆ ಪಾಸಿಟಿವ್ ಬಂದ ಆ ಪಿ.ಸಿ....”

“ನೀವೇ.”

ಪೀಸಿಗೆ ಬೆಳಗಿನ ಕಾಫಿ ನೆನಪಾಯಿತು. ಲೋಟ ತೊಳೆದ ನೀರಿನಂಥ ಕಾಫಿ. ಯಾರೂ ಹೇಳುವ ಮೊದಲೇ ಅವನ ಕೈಗಳು ಹಿಂದಕ್ಕೆ ಬಂದವು. “ದೂರ ಹೋಗಿ ಅತ್ತೆ. ಇನ್ನೂ ದೂರ,” ಎಂದ. ಆರಡಿಗೆ ನಿಲ್ಲಲಿಲ್ಲ, ಹನ್ನೆರಡು ಅಡಿ ಕಳಿಸಿದ. ಗೇಟಿನಲ್ಲಿ ಯಾರನ್ನೂ ಅವನು ಅಷ್ಟು ದೂರ ನಿಲ್ಲಿಸಿದವನಲ್ಲ. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ.

ಆಮೇಲೆ ಏನೋ ಹೊಳೆದು ಗಾಬರಿಯಾದ. “ಮೇಡಂ, ಹಾಗಾದ್ರೆ ಇವರ ರಿಪೋರ್ಟೂ ತಪ್ಪಾ?”

“ಇಲ್ಲ, ನಿಮ್ಮಿಂದಾನೇ ಅದು ಸರಿ. ಪಿ.ಸಿ. ಪಾಸಿಟಿವ್ ಬಂದಿದ್ದಕ್ಕೆ ಮಿಷಿನ್ ಸರಿ ಇದೆ ಅಂತ ಆಯ್ತು. ನಿಮ್ದು ನೆಗೆಟಿವ್ ಬಂದಿದ್ರೆ ಇವತ್ತಿನ ಅಷ್ಟೂ ರಿಪೋರ್ಟು ರದ್ದು. ಇವರು ಇವತ್ತು ಹೊರಡೋ ಹಾಗೇ ಇರ್ಲಿಲ್ಲ.”

ಪೀಸಿಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ತನಗೆ ಸೋಂಕಿಲ್ಲದಿದ್ದರೆ ಹೆಂಡತಿ ಮಗಳು ಇಲ್ಲೇ ಉಳಿಯುತ್ತಿದ್ದರು, ತಾನು ಮಗಳನ್ನು ಎತ್ತಿಕೊಳ್ಳುತ್ತಿದ್ದ. ಸೋಂಕು ಇರುವುದರಿಂದ ಅವರು ಹೊರಟರು, ತಾನು ಉಳಿದ.

ಹನ್ನೆರಡು ಅಡಿ ದೂರದಿಂದ ಹೆಂಡತಿ ಬಟ್ಟೆಯ ಅಂಚು ಸರಿಸಿ ಮಗುವನ್ನು ಎತ್ತಿ ತೋರಿಸಿದಳು. ಅವಳ ಕಣ್ಣಲ್ಲಿ ನೀರು. ಮೂಗು ನಿಜವಾಗಿಯೂ ಅವನದೇ. ಮಗುವಿನ ಒಂದು ಪುಟ್ಟ ಮುಷ್ಟಿ ಹೊರಗೆ ಬಂದು ಹಣೆಯ ಹತ್ತಿರ ನಿಂತಿತು. ಪೀಸಿ ಕುರ್ಚಿಯಲ್ಲೇ ನೆಟ್ಟಗೆ ಕೂತು ಸಲ್ಯೂಟ್ ಹೊಡೆದ. ಐದು ಗಂಟೆಗೆ ಸರಿಯಾಗಿ ಕಾರು ಹೊರಟಿತು.

ಆರು ಗಂಟೆಗೆ ಅವನು ಮತ್ತೆ ಗಾಲಿಕುರ್ಚಿಗಳ ಕೋಣೆಯಲ್ಲಿದ್ದ. ನಾಳೆ ಎಲ್ಲರ ಗಂಟಲಿಗೂ ಮತ್ತೆ ಕಡ್ಡಿ ಎಂದು ತಿಳಿದ ಮೂಳೆ ವಾರ್ಡು ಅವನಿಗೆ ಶಾಪ ಹಾಕುತ್ತಿತ್ತು. ಬಾಗಿಲು ಸದ್ದಾಯಿತು. ಲ್ಯಾಬ್ ಮೇಡಂ, ಮೈತುಂಬ ನೀಲಿ ಕವಚ ತೊಟ್ಟು, ಕೈಯಲ್ಲಿ ಒಂದು ಉದ್ದನೆಯ ಕಡ್ಡಿ ಹಿಡಿದು ನಿಂತಿದ್ದರು.

“ಕೇಳೋಕೆ ನಾಚಿಕೆ ಆಗುತ್ತೆ ಪೀಸಿಯವರೇ. ಹೊಸಾ ಪಿ.ಸಿ. ಬರೋಕೆ ಇನ್ನೂ ನಾಲ್ಕು ದಿನ ಆಗುತ್ತಂತೆ. ಅದಿಲ್ದೆ ನಾಳೆ ಒಬ್ಬರ ರಿಪೋರ್ಟೂ ಕೊಡೋಕಾಗಲ್ಲ. ನಿಮ್ಮಷ್ಟು ಸ್ಟ್ರಾಂಗ್ ನಮಗೆ ಸಿಕ್ಕೇ ಇರ್ಲಿಲ್ಲ...”

ಮೇಲೆ ಹೆರಿಗೆ ವಾರ್ಡಿನಲ್ಲಿ ನಾಳೆ ಮನೆಗೆ ಹೊರಡಬೇಕಾದ ಇನ್ನಷ್ಟು ಮಕ್ಕಳು, ಬಾಗಿಲ ಹೊರಗೆ ಕಾಯುವ ಇನ್ನಷ್ಟು ಅಪ್ಪಂದಿರು ಪೀಸಿಯ ಕಣ್ಣ ಮುಂದೆ ಬಂದರು.

“ಅಂದ್ರೆ, ಡ್ಯೂಟಿಗೆ ಹಾಕ್ತಿದ್ದೀರಿ,” ಎಂದು ಮಾಸ್ಕು ಇಳಿಸಿ, ಬಾಯಿ ಅಗಲಿಸಿದ.

ಅಷ್ಟರಲ್ಲಿ ಗುಮಾಸ್ತ ಓಡಿಬಂದ. ಕೈಯಲ್ಲಿ ಹೊಸ ಚೀಟಿ, ಮುಖದಲ್ಲಿ ಪಶ್ಚಾತ್ತಾಪ. “ಮಂಚಕ್ಕೆ ನಂಬರ್ ಹಾಕಿಸಿದೆ ಸಾರ್! ಇಪ್ಪತ್ತೊಂದು! ಮೇಡಂ, ಟ್ಯೂಬಿನ ಮೇಲೆ ಇನ್ನು ಅದನ್ನೇ ಬರೀತೀನಿ.”

“ನಂಬರ್ ಬೇಡ,” ಎಂದರು ಮೇಡಂ. “ಪಿ.ಸಿ. ಅಂತ್ಲೇ ಬರೀರಿ.”